ಪ್ರಕಟನೆಯ ಮೃಗ, ಕೊಂಬು, ಮುದ್ರೆ, 666: ಯಾವ ಕ್ರಮದಲ್ಲಿ ಓದಬೇಕು?

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಬೈಬಲ್ ಅಧ್ಯಯನ ಕೂಟಗಳಲ್ಲಿ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಗೆ ಕೈಹಾಕಿದವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ನೇರವಾಗಿ 13ನೇ ಅಧ್ಯಾಯ ತೆರೆಯುತ್ತಾರೆ, ‘ಈ ಮೃಗ ಯಾರು?’ ಎಂದು ಕೇಳುತ್ತಾರೆ, ಉತ್ತರವನ್ನು ಆ ವಾರದ ಸುದ್ದಿಯಲ್ಲೋ ಫೋನಿಗೆ ಬಂದ ಮಲಯಾಳ ಭಾಷಣದಲ್ಲೋ ಹುಡುಕುತ್ತಾರೆ. ಮುಂದಿನ ವರ್ಷ ಸುದ್ದಿ ಬದಲಾದಾಗ ಮೃಗದ ಹೆಸರೂ ಬದಲಾಗುತ್ತದೆ. ಬಾರ್‌ಕೋಡ್ ಹೋಗಿ ಆಧಾರ್ ಬಂತು, ಆಧಾರ್ ಹೋಗಿ ಲಸಿಕೆ ಬಂತು.

ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲೇ ಮಾಡುವುದರಿಂದ ಹೀಗಾಗುತ್ತದೆ. ಕ್ರಮ ಸರಿಪಡಿಸಿಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಇಳಿಯುತ್ತದೆ.

## ಮೊದಲು ಬೇಕಾದ ಸಾಮಾನು

ಸಂಬಂಧಿತ ವಚನಗಳ ಸೂಚನೆ ಇರುವ ಒಂದು ಕನ್ನಡ ಬೈಬಲ್. ಸೂಚನೆ ಇಲ್ಲದ ಸಣ್ಣ ಮುದ್ರಣ ಈ ಕೆಲಸಕ್ಕೆ ಸಾಲದು.

ಹೋಲಿಸಲು ಇನ್ನೊಂದು ಅನುವಾದ. ನಮ್ಮ ಕಡೆ ಇದು ಸುಲಭ, ಮನೆಯಲ್ಲಿ ಮಕ್ಕಳು ಓದುವ ಮಲಯಾಳ ಬೈಬಲ್ ಇದ್ದೇ ಇರುತ್ತದೆ. ಪುಸ್ತಕದ ಹೆಸರು ಅದರಲ್ಲಿ ‘ವೆಳಿಪಾಡ್’. ಎರಡನ್ನೂ ಪಕ್ಕದಲ್ಲಿಟ್ಟರೆ ಸಣ್ಣ ಸಂಗತಿಗಳು ಕಣ್ಣಿಗೆ ಬೀಳುತ್ತವೆ. 4ನೇ ಅಧ್ಯಾಯದಲ್ಲಿ ಸಿಂಹಾಸನದ ಸುತ್ತ ಇರುವವು ‘ಜೀವಿಗಳು’, 13ರಲ್ಲಿ ಬರುವುದು ‘ಮೃಗ’. ಗ್ರೀಕ್ ಮೂಲದಲ್ಲೂ ಇವು ಬೇರೆ ಬೇರೆ ಪದಗಳೇ: ಒಂದು ಜೋಯೋನ್, ಇನ್ನೊಂದು ಥೇರಿಯೋನ್. ಒಳ್ಳೆಯ ಅನುವಾದಗಳು ಎರಡನ್ನೂ ಬೆರೆಸುವುದಿಲ್ಲ, ನೀವೂ ಬೆರೆಸಬೇಡಿ.

ಒಂದು ನೋಟ್‌ಬುಕ್. ಪುಟದಲ್ಲಿ ಐದು ಅಂಕಣ ಎಳೆಯಿರಿ: ವಚನ, ಚಿತ್ರ, ಪುಸ್ತಕವೇ ಕೊಟ್ಟ ಅರ್ಥ, ಹಳೆಯ ಒಡಂಬಡಿಕೆಯ (ಬೈಬಲಿನ ಮೊದಲ ಭಾಗದ) ಬೇರು, ಇಂದಿಗೆ. ಐದನೆಯ ಅಂಕಣವನ್ನು ಕೊನೆಯ ಹಂತದವರೆಗೂ ಖಾಲಿ ಬಿಡಿ. ಎಲ್ಲರಿಗೂ ಕಷ್ಟವಾಗುವುದು ಇದೇ.

## ಹಂತ 1: ಒಂದೇ ಸಲಕ್ಕೆ ಕೂತು ಗಟ್ಟಿಯಾಗಿ ಓದಿ

22 ಅಧ್ಯಾಯ, ಸುಮಾರು ಒಂದೂವರೆ ಗಂಟೆಯ ಓದು. ಓದುವವನೂ ಕೇಳುವವರೂ ಧನ್ಯರು ಎಂದು 1:3 (ಅಂದರೆ 1ನೇ ಅಧ್ಯಾಯ, 3ನೇ ವಚನ) ಹೇಳುತ್ತದೆ. ಸಭೆಯಲ್ಲಿ ಒಬ್ಬ ಓದಿ ಉಳಿದವರು ಕೇಳಲೆಂದೇ ಬರೆದ ಪುಸ್ತಕ ಇದು. ಅರ್ಥ ಬಿಡಿಸಲು ಎಲ್ಲೂ ನಿಲ್ಲಬೇಡಿ. ಮತ್ತೆ ಮತ್ತೆ ಬರುವ ಪದಗಳಿಗೆ ಪೆನ್ಸಿಲ್ ಗೆರೆ ಹಾಕಿದರೆ ಸಾಕು: ಸಿಂಹಾಸನ, ಕುರಿಮರಿ, ಏಳು, ಜಯಿಸುವವನು, ‘ಆಮೇಲೆ ನಾನು ನೋಡಿದೆನು’.

ಇಲ್ಲಿ ಆಗುವ ತಪ್ಪು ಬಿಡಿ ವಚನ ಕೀಳುವುದು. ವಾರಕ್ಕೆ ಎರಡು ವಚನದಂತೆ ಓದುವ ಕೂಟಕ್ಕೆ 5ನೇ ಅಧ್ಯಾಯ ತಲುಪುವಷ್ಟರಲ್ಲಿ 1ನೆಯದು ಮರೆತಿರುತ್ತದೆ.

## ಹಂತ 2: ಪುಸ್ತಕವೇ ಬಿಡಿಸಿಟ್ಟ ಚಿತ್ರಗಳನ್ನು ಮೊದಲು ತುಂಬಿ

ಪುಸ್ತಕ ಬರೆದ ಯೋಹಾನ ಹಲವು ಚಿತ್ರಗಳ ಅರ್ಥವನ್ನು ತಾನೇ ಹೇಳಿಬಿಡುತ್ತಾನೆ. ಇವನ್ನು ಮೂರನೆಯ ಅಂಕಣಕ್ಕೆ ಇಳಿಸಿ.

1:20 – ಏಳು ದೀಪಸ್ತಂಭ ಅಂದರೆ ಏಳು ಕ್ರೈಸ್ತ ಸಭೆಗಳು, ಏಳು ನಕ್ಷತ್ರ ಅಂದರೆ ಆ ಸಭೆಗಳ ದೂತರು.
5:8 – ಧೂಪ ಅಂದರೆ ದೇವಜನರ ಪ್ರಾರ್ಥನೆ.
12:9 – ಘಟಸರ್ಪ ಅಂದರೆ ಪುರಾತನ ಸರ್ಪ, ಸೈತಾನ.
17:9 – ಏಳು ತಲೆ ಅಂದರೆ ಏಳು ಬೆಟ್ಟ. ಏಳು ಅರಸರು ಎಂದೂ ಮುಂದುವರಿಯುತ್ತದೆ.
17:15 – ನೀರು ಅಂದರೆ ಜನಾಂಗಗಳು, ಭಾಷೆಗಳವರು.
17:18 – ಹೆಂಗಸು ಅಂದರೆ ಭೂರಾಜರ ಮೇಲೆ ಆಳುವ ಮಹಾನಗರ.
19:8 – ನಯವಾದ ನಾರುಮಡಿ ಅಂದರೆ ದೇವಜನರ ನೀತಿಕಾರ್ಯ.
20:14 – ಬೆಂಕಿಯ ಕೆರೆ ಅಂದರೆ ಎರಡನೆಯ ಮರಣ.

17:9ನ್ನು ಇನ್ನೊಮ್ಮೆ ನೋಡಿ. ಒಂದೇ ಚಿತ್ರಕ್ಕೆ ಎರಡು ಅರ್ಥ, ಅದೂ ಬರೆದವನೇ ಕೊಟ್ಟದ್ದು. ‘ಒಂದು ಚಿಹ್ನೆಗೆ ಒಂದೇ ಅರ್ಥ’ ಎಂಬ ಸೂತ್ರ ಹಿಡಿದು ಹೊರಟವರು ಇಲ್ಲೇ ಮುಗ್ಗರಿಸುತ್ತಾರೆ.

‘ಕೇಳಿದ್ದು–ಕಂಡದ್ದು’ ಜೋಡಿಗಳಿಗೂ ಗುರುತು ಹಾಕಿ. 5:5ರಲ್ಲಿ ಯೋಹಾನನ ಕಿವಿಗೆ ಬೀಳುವುದು ಯೂದ ಕುಲದ ಸಿಂಹ. 5:6ರಲ್ಲಿ ತಿರುಗಿ ನೋಡಿದರೆ ನಿಂತಿರುವುದು ಕೊಯ್ಯಲ್ಪಟ್ಟಂತಿದ್ದ ಕುರಿಮರಿ. 7:4ರಲ್ಲಿ 1,44,000 ಎಂಬ ಲೆಕ್ಕ ಕೇಳುತ್ತದೆ. 7:9ರಲ್ಲಿ ಕಾಣುವುದು ಯಾರಿಂದಲೂ ಎಣಿಸಲಾಗದ ಗುಂಪು. ಕಂಡದ್ದು ಕೇಳಿದ್ದನ್ನು ವಿವರಿಸುತ್ತದೆ ಎಂದು ಹಲವು ವ್ಯಾಖ್ಯಾನಕಾರರು ಓದುತ್ತಾರೆ. 7ನೇ ಅಧ್ಯಾಯದ ಎರಡು ಗುಂಪು ಬೇರೆ ಬೇರೆ ಎನ್ನುವವರೂ ಇದ್ದಾರೆ. ಆದರೆ 5ನೇ ಅಧ್ಯಾಯದ ಜೋಡಿಯನ್ನು ಗಮನಿಸದೆ ಆ ವಾದಕ್ಕೆ ಇಳಿಯಬೇಡಿ.

## ಹಂತ 3: ಹಿಂದಕ್ಕೆ ಹೋಗಿ, ಮುಂದಕ್ಕಲ್ಲ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಈ ಪುಸ್ತಕ ಹಳೆಯ ಒಡಂಬಡಿಕೆಯನ್ನು ಹೆಸರು ಹೇಳಿ ಉದ್ಧರಿಸುವುದಿಲ್ಲ, ಆದರೆ ಪುಟಪುಟದಲ್ಲೂ ಅದರ ಚಿತ್ರಗಳಿಂದಲೇ ಮಾತಾಡುತ್ತದೆ. ಮೊದಲು ದಾನಿಯೇಲ 7, ಆಮೇಲೆ ಯೆಹೆಜ್ಕೇಲ 1 ಮತ್ತು 40–48, ಜೆಕರ್ಯ 1–6, ಯೋವೇಲ 1–2, ವಿಮೋಚನಕಾಂಡ 7–10, ಯೆಶಾಯ 65 – ಇಷ್ಟನ್ನು ಒಮ್ಮೆ ಓದಿಟ್ಟುಕೊಳ್ಳಿ.

13:1–2ನ್ನೇ ಬಿಡಿಸೋಣ. ಸಮುದ್ರದಿಂದ ಏರಿಬರುವ ಮೃಗ. ಹತ್ತು ಕೊಂಬು, ಏಳು ತಲೆ. ಮೈ ಚಿರತೆಯದು, ಪಾದ ಕರಡಿಯದು, ಬಾಯಿ ಸಿಂಹದ್ದು. ದಾನಿಯೇಲ 7ರಲ್ಲೂ ಸಮುದ್ರದಿಂದ ನಾಲ್ಕು ಮೃಗ ಏರುತ್ತವೆ: ಸಿಂಹ, ಕರಡಿ, ನಾಲ್ಕು ತಲೆಯ ಚಿರತೆ, ಹತ್ತು ಕೊಂಬಿನ ಹೆಸರಿಲ್ಲದ ನಾಲ್ಕನೆಯದು. ತಲೆ ಎಣಿಸಿ: 1+1+4+1, ಒಟ್ಟು 7. ಕೊಂಬು 10. ಯೋಹಾನ ನಾಲ್ಕನ್ನೂ ಒಂದೇ ಮೈಗೆ ಹೊಲಿದಿದ್ದಾನೆ, ಅದೂ ಹಿಂದುಮುಂದಾಗಿ: ದಾನಿಯೇಲನಲ್ಲಿ ಸಿಂಹ, ಕರಡಿ, ಚಿರತೆ, ಇಲ್ಲಿ ಚಿರತೆ, ಕರಡಿ, ಸಿಂಹ. ಆ ನಾಲ್ಕು ಮೃಗ ಅಂದರೆ ನಾಲ್ಕು ಅರಸರು ಎಂದು ದಾನಿಯೇಲ 7:17 ಹೇಳುತ್ತದೆ, ನಾಲ್ಕನೆಯದು ಒಂದು ರಾಜ್ಯ ಎಂದು 7:23. ಅಲ್ಲಿಗೆ ನಾಲ್ಕನೆಯ ಅಂಕಣ ತುಂಬಿತು: ಜನರನ್ನು ನುಂಗುವ ರಾಜ್ಯಾಧಿಕಾರ, ಹಿಂದಿನ ಎಲ್ಲ ಸಾಮ್ರಾಜ್ಯಗಳ ಕ್ರೌರ್ಯ ಒಂದೇ ಕಡೆ. ಯಾರ ಹೆಸರನ್ನೂ ಇನ್ನೂ ಹಿಡಿದಿಲ್ಲ, ಆದರೂ ಚಿತ್ರದ ಮುಕ್ಕಾಲು ಪಾಲು ಕೈಗೆ ಬಂತು.

9ನೇ ಅಧ್ಯಾಯದ ಮಿಡತೆಗಳೂ ಹೀಗೆಯೇ. ‘ಇದು ಹೆಲಿಕಾಪ್ಟರ್’ ಎನ್ನುವ ವಿವರಣೆ ನೀವೂ ಕೇಳಿರುತ್ತೀರಿ. ಯೋವೇಲನನ್ನು ತೆರೆಯಿರಿ: ಸಿಂಹದ ಹಲ್ಲು 1:6ರಲ್ಲಿ, ಕುದುರೆಯ ರೂಪ 2:4ರಲ್ಲಿ, ರಥದ ಸದ್ದು 2:5ರಲ್ಲಿ. ಯೋಹಾನ ಕಾಣದ ಯಂತ್ರವನ್ನು ವರ್ಣಿಸಲು ತಡಕಾಡುತ್ತಿಲ್ಲ, ಕೇಳುಗರಿಗೆ ಬಾಯಿಪಾಠವಾಗಿದ್ದ ಪ್ರವಾದಿಯ ಮಾತನ್ನು ಎತ್ತಿಕೊಳ್ಳುತ್ತಿದ್ದಾನೆ. 8:11ರ ಮಾಚಿಪತ್ರೆ ನಕ್ಷತ್ರವನ್ನು 1986ರ ಚೆರ್ನೋಬಿಲ್ ದುರಂತಕ್ಕೆ ಗಂಟುಹಾಕುವವರೂ ಯೆರೆಮೀಯ 9:15 ಮತ್ತು 23:15ನ್ನು ಓದುವುದಿಲ್ಲ. ಕಹಿ ಸೊಪ್ಪು, ವಿಷದ ನೀರು, ದೇವರ ತೀರ್ಪು, ಮೂರೂ ಅಲ್ಲೇ ಒಟ್ಟಿಗಿವೆ.

ನಮ್ಮ ಊರಿನವರಿಗೆ ಒಂದು ಪ್ರತ್ಯೇಕ ಎಚ್ಚರಿಕೆ. ಘಟಸರ್ಪದ ಬೇರು ಇರುವುದು ಆದಿಕಾಂಡ 3ರಲ್ಲಿ ಮತ್ತು ಯೆಶಾಯ 27:1ರಲ್ಲಿ. ಪಕ್ಕದ ಮನೆಯವರ ನಾಗಬನಕ್ಕೂ ಆ ವಚನಕ್ಕೂ ಸಂಬಂಧ ಕಟ್ಟುವ ಪ್ರಸಂಗ ಕೇಳಿದರೆ, ಮಾತಾಡುವವರು ಈ ಹಂತವನ್ನೇ ಹಾರಿದ್ದಾರೆ ಎಂದು ತಿಳಿಯಿರಿ.

## ಹಂತ 4: ‘ಇದು ಏನು?’ ಎನ್ನುವ ಮೊದಲು ‘ಇದು ಏನು ಮಾಡುತ್ತದೆ?’

ತೆಂಕುತಿಟ್ಟಿನ ಯಕ್ಷಗಾನ ಆಟದಲ್ಲಿ ಸಭೆಯ ಹಿಂದಿನಿಂದ ದೊಂದಿ ಬೆಳಕಿನಲ್ಲಿ ಅಬ್ಬರಿಸುತ್ತ ಬಣ್ಣದ ವೇಷ ಬರುವಾಗ ಇದು ಯಾವ ಜಾತಿಯ ಪ್ರಾಣಿ ಎಂದು ಯಾರೂ ಕೇಳುವುದಿಲ್ಲ. ಚುಟ್ಟಿ, ಬಣ್ಣ, ಕಿರೀಟ ನೋಡಿದ ಕೂಡಲೇ ಸ್ವಭಾವ ಗೊತ್ತಾಗುತ್ತದೆ. ಚುನಾವಣೆಯ ಗೋಡೆಬರಹವೂ ಹಾಗೆಯೇ. ತಾವರೆ, ಕೈ, ಏಣಿ, ಸುತ್ತಿಗೆ-ಕತ್ತಿ-ನಕ್ಷತ್ರ. ಒಂದು ವ್ಯಂಗ್ಯಚಿತ್ರದಲ್ಲಿ ಏಣಿ ಮುರಿದರೆ ಬಡಗಿಯನ್ನು ಕರೆಯುವವರಿಲ್ಲ. ಎರಡು ಸಾವಿರ ವರ್ಷ ಬಿಟ್ಟು ಬೇರೆ ಊರಿನವನಿಗೆ ಅದೇ ಚಿತ್ರ ಸಿಕ್ಕರೆ ಅವನ ಪಾಡೇನು? ಪ್ರಕಟನೆಯ ಮುಂದೆ ನಮ್ಮ ಪಾಡೂ ಅದೇ.

ಒಂದು ಸಣ್ಣ ಪರೀಕ್ಷೆ: ಚಿತ್ರವನ್ನು ಕಾಗದದ ಮೇಲೆ ಬಿಡಿಸಿ. 5:6ರ ಕುರಿಮರಿಗೆ ಏಳು ಕೊಂಬು, ಏಳು ಕಣ್ಣು. 1:16ರಲ್ಲಿ ಬಾಯಿಂದ ಹೊರಡುವ ಕತ್ತಿ. ಬಿಡಿಸಿದರೆ ವಿಕಾರವಾಗುತ್ತದೆ. ಪದಗಳಾಗಿ ಓದಿದರೆ ಸರಿಹೋಗುತ್ತದೆ: ಕೊಂಬು ಬಲ, ಕಣ್ಣು ಅರಿವು, ಏಳು ಪೂರ್ಣತೆ, ಬಾಯಿಯ ಕತ್ತಿ ತೀರ್ಪಿನ ಮಾತು (ಯೆಶಾಯ 11:4, 49:2).

ಬಣ್ಣಗಳನ್ನೂ ಹೀಗೆಯೇ ಓದಿ. 6ನೇ ಅಧ್ಯಾಯದ ಕೆಂಪು ಕುದುರೆ ಕೊಲೆ, ಕಪ್ಪು ಬರ, ಬೂದು ಬಣ್ಣದ್ದು ಮರಣ. ಕಪ್ಪು ಕುದುರೆಯ ಸವಾರನ ತಕ್ಕಡಿಗೆ ಲೆಕ್ಕವೂ ಉಂಟು: ಒಂದು ದಿನಾರಿಗೆ ಹೆಚ್ಚುಕಡಿಮೆ ಒಂದು ಲೀಟರ್ ಗೋದಿ. ದಿನಾರಿ ಒಂದು ದಿನದ ಕೂಲಿ (ಮತ್ತಾಯ 20:2). ದಿನವಿಡೀ ದುಡಿದರೆ ಒಬ್ಬನ ಹೊಟ್ಟೆಗೆ ಮಾತ್ರ, ಮಕ್ಕಳಿಗಿಲ್ಲ. ಬಿಳಿ ಕುದುರೆಯ ಬಗ್ಗೆ ಒಮ್ಮತವಿಲ್ಲ: ಕ್ರಿಸ್ತನೇ ಎನ್ನುವವರಿದ್ದಾರೆ, ಗೆಲ್ಲಲು ಹೊರಟ ಆಕ್ರಮಣಕಾರ ಎನ್ನುವವರಿದ್ದಾರೆ. ಉಳಿದ ಮೂರರ ಜೊತೆ ಸಾಲಾಗಿ ಬರುವುದರಿಂದ ಎರಡನೆಯದೇ ಹೆಚ್ಚು ಹೊಂದುತ್ತದೆ.

## ಹಂತ 5: ಸಂಖ್ಯೆಗಳನ್ನು ಪದಗಳಂತೆ ಓದಿ

ನಾಲ್ಕು ಭೂಮಿಯ ಸಂಖ್ಯೆ: ನಾಲ್ಕು ಮೂಲೆ, ನಾಲ್ಕು ಗಾಳಿ. ಹನ್ನೆರಡು ದೇವಜನರದು: ಕುಲಗಳು, ಅಪೊಸ್ತಲರು. ಸಾವಿರ ಬಹಳ ದೊಡ್ಡದು. 12 × 12 × 1,000 ಮಾಡಿದರೆ 1,44,000. ಅದನ್ನು ಹಾಜರಿ ಪುಸ್ತಕವೆಂದು ಓದಿದವರಿಗೆ 7:9ರ ಗುಂಪನ್ನು ಎಲ್ಲಿಡುವುದೆಂದು ತೋಚುವುದಿಲ್ಲ.

ಮೂರೂವರೆ ವರ್ಷ, 42 ತಿಂಗಳು, 1,260 ದಿನ, ಮೂರೂ ಒಂದೇ. ತಿಂಗಳಿಗೆ 30 ದಿನ ಹಿಡಿದು ಗುಣಿಸಿ ನೋಡಿ. ಇದು 11:2, 11:3, 12:6, 12:14, 13:5ರಲ್ಲಿ ಬರುತ್ತದೆ. ಮೂಲ ದಾನಿಯೇಲ 7:25. ಏಳರ ಅರ್ಧ, ಅಂದರೆ ಕಷ್ಟ ಇದೆ, ಆದರೆ ಅದಕ್ಕೆ ಗಡಿಯೂ ಇದೆ.

21:16ರ ಹೊಸ ಯೆರೂಸಲೇಮಿನ ಉದ್ದ, ಅಗಲ, ಎತ್ತರ ಮೂರೂ 12,000 ಸ್ತಾದ್ಯ, ಅಂದರೆ ಸುಮಾರು 2,200 ಕಿ.ಮೀ. ಅಷ್ಟೆತ್ತರದ ಊರು ಹೇಗಿರುತ್ತದೆ ಎಂದು ತಲೆಕೆಡಿಸಿಕೊಳ್ಳುವ ಬದಲು 1 ಅರಸುಗಳು 6:20 ತೆರೆಯಿರಿ. ದೇವಾಲಯದ ಮಹಾಪವಿತ್ರಸ್ಥಾನ 20 ಮೊಳದ ಘನಾಕೃತಿ. ಅಲ್ಲಿಗೆ ಮಹಾಯಾಜಕ ವರ್ಷಕ್ಕೊಂದು ದಿನ ಮಾತ್ರ ಹೋಗುತ್ತಿದ್ದ. ಇಲ್ಲಿ ಊರಿಗೆ ಊರೇ ಮಹಾಪವಿತ್ರಸ್ಥಾನ. ಅದಕ್ಕೇ 21:22ರಲ್ಲಿ ‘ಅಲ್ಲಿ ದೇವಾಲಯವನ್ನು ಕಾಣಲಿಲ್ಲ’ ಎಂಬ ಮಾತು.

## ಹಂತ 6: 666

ಅಕ್ಷರಕ್ಕೆ ಬೆಲೆ ಕಟ್ಟಿ ಕೂಡುವುದು ನಮಗೆ ಹೊಸತಲ್ಲ. ಕಾಸರಗೋಡಿನ ಲಾರಿ, ಅಂಗಡಿಗಳ ಮೇಲೆ ಬರೆದಿರುವ 786 ‘ಬಿಸ್ಮಿಲ್ಲಾಹಿ…’ ವಾಕ್ಯದ ಅರಬಿ ಅಕ್ಷರಗಳ ಮೊತ್ತ. ಅಕ್ಷರಗಳಿಗೆ ಅಂಕೆ ಕೊಡುವ ಸಂಸ್ಕೃತದ ಕಟಪಯಾದಿಯೂ ಇದೇ ಜಾಡಿನದು. ಯೆಹೂದ್ಯರಲ್ಲೂ ಗ್ರೀಕರಲ್ಲೂ ಇದು ದಿನಬಳಕೆಯಲ್ಲಿತ್ತು. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತ ಪೊಂಪೇ ಊರಿನ ಗೋಡೆಯೊಂದರಲ್ಲಿ ಯಾರೋ ತಾನು ಪ್ರೀತಿಸುವವಳ ಸಂಖ್ಯೆ 545 ಎಂದು ಗೀಚಿದ್ದು ಈಗಲೂ ಸಿಕ್ಕಿದೆ.

666 ಎಂಬ ಮೃಗದ ಸಂಖ್ಯೆಯನ್ನು 13:18 ‘ಎಣಿಸಲಿ’ ಎನ್ನುತ್ತದೆ, ಅದು ಮನುಷ್ಯನ ಸಂಖ್ಯೆ ಎಂದೂ ಹೇಳುತ್ತದೆ. ಹೆಚ್ಚಿನ ವಿದ್ವಾಂಸರು ಒಪ್ಪುವ ಲೆಕ್ಕ ‘ನೆರೋನ್ ಕೈಸರ್’ (ರೋಮಿನ ಚಕ್ರವರ್ತಿ ನೀರೋ) ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದದ್ದು: ನೂನ್ 50, ರೇಶ್ 200, ವಾವ್ 6, ನೂನ್ 50, ಕೋಫ್ 100, ಸಾಮೆಖ್ 60, ರೇಶ್ 200. ಕೂಡಿದರೆ 666. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 616 ಎಂದಿದೆ. ಲ್ಯಾಟಿನ್ ರೂಪದಂತೆ ಕೊನೆಯ ನೂನ್ ಬಿಟ್ಟು ‘ನೆರೋ’ ಎಂದು ಬರೆದರೆ 50 ಕಡಿಮೆಯಾಗಿ ಅದೇ 616 ಬರುತ್ತದೆ. ಎರಡು ಸಂಖ್ಯೆಗೂ ಒಂದೇ ಹೆಸರು ಕೂಡುವುದು ಈ ಲೆಕ್ಕದ ಬಲ. ಏಳಕ್ಕೆ ಮೂರು ಸಲ ಒಂದೊಂದು ಕಡಿಮೆ, ಅಂದರೆ ಪೂರ್ಣತೆಯ ನಟನೆ, ಎಂದು ಓದುವವರೂ ಇದ್ದಾರೆ. ಎರಡನ್ನೂ ಒಟ್ಟಿಗೆ ಹಿಡಿದರೂ ಅಡ್ಡಿಯಿಲ್ಲ.

ಯಾರಾದರೂ ಹೊಸ ಹೆಸರು ತಂದರೆ ಮೂರು ಪ್ರಶ್ನೆ ಕೇಳಿ. ಭಾಷೆ ಯಾವುದು, ಅದನ್ನೇ ಯಾಕೆ ಆರಿಸಿದಿರಿ? ಕಾಗುಣಿತ ತಿದ್ದಿದ್ದೀರಾ? ಮೊತ್ತ ಸಾಲದೆ ಬಿರುದು ಸೇರಿಸಿದ್ದೀರಾ? ಈ ಮೂರು ಸ್ವಾತಂತ್ರ್ಯ ಕೊಟ್ಟರೆ ನಿಮ್ಮ ಹಾಲಿನವನ ಹೆಸರಿನಿಂದಲೂ 666 ಹೊರಡಿಸಬಹುದು.

ಹಣೆ ಮತ್ತು ಬಲಗೈಯ ಮೇಲಿನ ಮೃಗದ ಗುರುತು (13:16)? ಮರದ ಡಿಪೋದಲ್ಲಿ ದಿಮ್ಮಿಗೆ ಹೊಡೆಯುವ ಸುತ್ತಿಗೆ ಮುದ್ರೆಯಂತೆ ಅದು ಯಾರ ಸ್ವತ್ತು ಎಂದು ಹೇಳುತ್ತದೆ. 13:18ರಲ್ಲಿ ನಿಲ್ಲಿಸದೆ 14:1ನ್ನೂ ಓದಿ: ಅಲ್ಲಿ 1,44,000 ಮಂದಿಯ ಹಣೆಯ ಮೇಲೆ ಕುರಿಮರಿಯ ಮತ್ತು ತಂದೆಯ ಹೆಸರಿದೆ. ಅಧ್ಯಾಯದ ಗೆರೆ ನಡುವೆ ಬಿದ್ದು ಈ ಜೋಡಿ ಕಣ್ಮರೆಯಾಗಿದೆ. ಕೈ, ಹಣೆ ಎರಡೂ ಬಂದದ್ದು ಧರ್ಮೋಪದೇಶಕಾಂಡ 6:8ರಿಂದ. ದೇವರ ಮಾತನ್ನು ಕಟ್ಟಿಕೊಳ್ಳಬೇಕಾದ ಜಾಗಗಳವು. ಒಂದು ಗುರುತನ್ನು ಚಿಪ್ ಎನ್ನುವವರು ಇನ್ನೊಂದನ್ನೂ ಚಿಪ್ ಎನ್ನಬೇಕಾಗುತ್ತದೆ. ಅದನ್ನು ಯಾರೂ ಹೇಳುವುದಿಲ್ಲ.

## ಹಂತ 7: ಮೊದಲು ಕೇಳಿಸಿಕೊಂಡವರ ಊರಿಗೆ ಹೋಗಿ

ಇದು ಏಳು ಸಭೆಗಳಿಗೆ ಹೋದ ಪತ್ರವೂ ಹೌದು. ಎಫೆಸದಿಂದ ಲವೊದಿಕೀಯದವರೆಗೆ ಏಳೂ ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಪಟ್ಟಣಗಳು. ಕಾಲ ಕ್ರಿ.ಶ. 95ರ ಆಸುಪಾಸು, ರೋಮಿನ ಚಕ್ರವರ್ತಿ ದೊಮಿತಿಯಾನನ ಆಳ್ವಿಕೆಯ ಕೊನೆ ಎನ್ನುವುದು ಹೆಚ್ಚಿನವರ ಅಭಿಪ್ರಾಯ. ನೀರೋ ಸತ್ತ 68ರ ಹತ್ತಿರ ಎನ್ನುವವರೂ ಇದ್ದಾರೆ. ಆ ಏಳರಲ್ಲಿ ಒಂದಾದ ಪೆರ್ಗಮದಲ್ಲಿ ರೋಮಿಗೂ ಅದರ ಚಕ್ರವರ್ತಿ ಅಗಸ್ತನಿಗೂ ಕಟ್ಟಿದ ಗುಡಿ ಕ್ರಿ.ಪೂ. 29ರಷ್ಟು ಹಿಂದಿನದು. ಚಕ್ರವರ್ತಿಗೆ ಕೈಮುಗಿಯದವನಿಗೆ ಅಲ್ಲಿ ವ್ಯಾಪಾರವೂ ಕಷ್ಟ. ‘ಕೊಳ್ಳಲಾರದೆ, ಮಾರಲಾರದೆ’ ಎಂಬ 13:17 ಅವರಿಗೆ ಒಗಟಾಗಿರಲಿಲ್ಲ.

‘ಏಳು ಬೆಟ್ಟದ ಊರು’ ಎಂದರೆ ರೋಮ್ ಎಂದು ಆಗಿನ ಕಾಲದ ಮಗುವಿಗೂ ಗೊತ್ತು. 18:12–13ರಲ್ಲಿ ಆ ಊರಿನ ಸರಕಿನ ಪಟ್ಟಿ ಇದೆ. ಗ್ರೀಕ್ ಮೂಲದಲ್ಲಿ 28 ಬಾಬತ್ತು. ಮುತ್ತು, ದಂತದಂಥವು ನಮ್ಮ ಅರಬಿಕಡಲು ದಾಟಿಯೂ ಅಲ್ಲಿಗೆ ಹೋಗುತ್ತಿದ್ದವು. ಚಿನ್ನದಿಂದ ಶುರುವಾದ ಪಟ್ಟಿ ಮುಗಿಯುವುದು ಮನುಷ್ಯರ ದೇಹ, ಪ್ರಾಣಗಳಲ್ಲಿ. ಗುಲಾಮರ ಮಾರಾಟವನ್ನು ಕೊನೆಗಿಟ್ಟದ್ದೇ ಆ ಊರಿನ ಮೇಲಿನ ಆರೋಪಪಟ್ಟಿ.

## ಹಂತ 8: ಸುತ್ತುಗಳನ್ನು ಕ್ಯಾಲೆಂಡರ್ ಮಾಡಬೇಡಿ

ಪುಸ್ತಕದ ತೀರ್ಪುಗಳು ಮೂರು ಸುತ್ತಿನಲ್ಲಿ ಬರುತ್ತವೆ: ಏಳು ಮುದ್ರೆ, ಏಳು ತುತೂರಿ, ಏಳು ಪಾತ್ರೆ. ಒಟ್ಟು 21 ಘಟನೆ ಒಂದರ ಹಿಂದೊಂದು ಎಂದುಕೊಂಡರೆ ಪುಸ್ತಕವೇ ತಡೆಯುತ್ತದೆ. 6:13ರಲ್ಲಿ ನಕ್ಷತ್ರಗಳು ಭೂಮಿಗೆ ಉದುರಿವೆ. 8:12ರಲ್ಲಿ ನಕ್ಷತ್ರಗಳ ಮೂರರಲ್ಲೊಂದು ಭಾಗ ಕಪ್ಪಾಗುತ್ತದೆ. 8:7ರಲ್ಲಿ ಹಸುರು ಹುಲ್ಲೆಲ್ಲ ಸುಟ್ಟಿದೆ. 9:4ರಲ್ಲಿ ಹುಲ್ಲಿಗೆ ಕೇಡು ಮಾಡಬೇಡಿ ಎಂದು ಅಪ್ಪಣೆ. ಹಾನಿಯ ಪ್ರಮಾಣ ಮುದ್ರೆಯಲ್ಲಿ ಕಾಲು ಭಾಗ (6:8), ತುತೂರಿಯಲ್ಲಿ ಮೂರರಲ್ಲೊಂದು, ಪಾತ್ರೆಯಲ್ಲಿ ಪೂರ್ತಿ. ಒಂದೇ ಬೆಟ್ಟವನ್ನು ಸುತ್ತುತ್ತ ಮೇಲೇರಿದಂತೆ ಎಂದು ನಾವು ಓದುತ್ತೇವೆ. ಕಾಲಕ್ರಮವೇ ಎನ್ನುವವರು ಈ ನಾಲ್ಕು ವಚನಗಳಿಗೆ ಉತ್ತರ ಹೇಳಬೇಕು.

## ಹಂತ 9: ಈಗ ಐದನೆಯ ಅಂಕಣ

ಇಲ್ಲಿ ಪುಸ್ತಕವನ್ನು ಓದುವ ನಾಲ್ಕು ದಾರಿಗಳಿವೆ. ಹೆಚ್ಚಿನದು ಮೊದಲ ಶತಮಾನದಲ್ಲೇ ನಡೆದದ್ದು. ಸಭೆಯ ಇಡೀ ಚರಿತ್ರೆಯ ನಕ್ಷೆ. 4ನೇ ಅಧ್ಯಾಯದಿಂದಾಚೆ ಎಲ್ಲ ಇನ್ನು ಬರಬೇಕಾದದ್ದು. ಎಲ್ಲ ಕಾಲದಲ್ಲೂ ನಡೆಯುವ ಹೋರಾಟದ ಚಿತ್ರ. ನಿಮ್ಮ ಸಭೆ ಯಾವುದನ್ನು ಹಿಡಿದಿದೆ ಎಂದು ಕೇಳಿ ತಿಳಿದುಕೊಳ್ಳಿ; ಒಂದೇ ಪ್ರಸಂಗದಲ್ಲಿ ದಾರಿ ಬದಲಿಸುತ್ತ ಹೋಗುವವರನ್ನು ಗಮನಿಸಿ. 20ನೇ ಅಧ್ಯಾಯದ ಸಾವಿರ ವರ್ಷದ ಆಳ್ವಿಕೆಯ ಬಗ್ಗೆ ಭಿನ್ನಾಭಿಪ್ರಾಯ ಮುಗಿಯುವಂಥದ್ದಲ್ಲ, ಅದರ ಮೇಲೆ ಕೂಟ ಒಡೆದುಕೊಳ್ಳಬೇಡಿ.

ಅಂಕಣದಲ್ಲಿ ಬರೆಯುವಾಗ ಹೆಸರಿನ ಬದಲು ಸ್ವಭಾವ ಬರೆಯಿರಿ. ‘ಮೃಗ = ಇಂಥ ದೇಶ’ ಎಂದು ಬರೆದರೆ ಬೇಗ ಅಳಿಸಬೇಕಾಗುತ್ತದೆ. ‘ಆರಾಧನೆ ಕೇಳುವ ಅಧಿಕಾರ’ ಎಂದು ಬರೆದರೆ ಅದು ಎಲ್ಲೆಲ್ಲಿದೆ ಎಂದು ಹುಡುಕುವ ಕೆಲಸ ಉಳಿಯುತ್ತದೆ.

## ದಾರಿ ತಪ್ಪಿದ್ದಕ್ಕೆ ಕುರುಹುಗಳು

ಲೋಕಾಂತ್ಯದ ತಾರೀಕು ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಆ ದಿನ ಯಾರಿಗೂ ತಿಳಿಯದು ಎಂದು ಮತ್ತಾಯ 24:36 ಆ ಬಾಗಿಲು ಮುಚ್ಚಿದೆ. ದಾನಿಯೇಲ 8:14ರ 2,300 ದಿನಗಳನ್ನು ವರ್ಷಗಳಾಗಿ ಎಣಿಸಿ ಅಮೆರಿಕದಲ್ಲಿ 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತ ಬರುತ್ತಾನೆಂದು ಕಾದು ಕೂತವರಿಗೆ ಮರುದಿನವೂ ಬೆಳಗಾಯಿತು.

‘ಪ್ರಕಟನೆಯ ಕ್ರಿಸ್ತವಿರೋಧಿ’ ಎಂದು ಹೇಳಿದರೆ ವಚನ ತೋರಿಸಲು ಕೇಳಿ. ಆ ಪದ ಇರುವುದು ಯೋಹಾನನ ಒಂದನೆಯ ಮತ್ತು ಎರಡನೆಯ ಪತ್ರಗಳಲ್ಲಿ. ಪ್ರಕಟನೆಯಲ್ಲಿ ಒಮ್ಮೆಯೂ ಇಲ್ಲ.

ವಿವರಣೆ ಕೇಳಿದ ಮೇಲೆ ಒಬ್ಬ ನೆರೆಯವನ ಮೇಲೆ, ಒಂದು ಸಮುದಾಯದ ಮೇಲೆ ಹೆದರಿಕೆ ಹುಟ್ಟಿದರೆ, ಅಥವಾ ಮಾತು ಮುಗಿದ ಕೂಡಲೇ ದುಡ್ಡಿನ ಪೆಟ್ಟಿಗೆ ಬಂದರೆ, 3ನೇ ಹಂತದಿಂದ ಮತ್ತೆ ಪರಿಶೀಲಿಸಿ.

ಅಭ್ಯಾಸಕ್ಕೆ ಈ ಕ್ರಮ ಹಿಡಿಯಿರಿ: ಮೊದಲು 1:12–20, ಆಮೇಲೆ 5ನೇ ಅಧ್ಯಾಯ, ಆಮೇಲೆ 12. ಒಂದೊಂದಕ್ಕೆ ಎರಡು ವಾರ ಕೊಡಿ. 13ಕ್ಕೆ ಬರುವುದು ಏಳನೆಯ ವಾರದಲ್ಲಿ.